ಕಾರವಾರ ಕಡೆಯಿಂದ ಹಗಲಲ್ಲೇ ಘಟ್ಟ ಹತ್ತುವ ರೈಲು: ಸಕಲೇಶಪುರವೋ, ದೂಧಸಾಗರವೋ?

ಪ್ರಶ್ನೆ: ಬನವಾಸಿ ರಸ್ತೆ

ಶಿರಸಿಯಿಂದ ನಾಲ್ಕು ಜನ: ನಾವಿಬ್ಬರು, ಎಪ್ಪತ್ತು ದಾಟಿದ ಆಯಿ ಮತ್ತು ಅಪ್ಪಯ್ಯ. ಹಗಲು ಬೆಳಕಿನಲ್ಲಿ ಘಟ್ಟದ ರೈಲು ನೋಡಬೇಕು, ಅಷ್ಟೇ. ಚಾರಣ ಇಲ್ಲ. ಹೆಚ್ಚೆಂದರೆ ಎರಡು ದಿನ, ಒಂದು ರಾತ್ರಿ ತಂಗಬಹುದು. ಮಳೆಗಾಲದಲ್ಲೇ ಹೋಗಬೇಕೋ, ಮುಗಿದ ಮೇಲೋ? ಪಂಚಗಂಗಾದಲ್ಲಿ ಹೋದರೆ ಆಗುತ್ತದೆಯೇ? ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗೆ ಅಷ್ಟು ದುಡ್ಡು ಕೊಡುವುದು ಸಾರ್ಥಕವೇ? ಕಿಟಕಿ ಎಡಕ್ಕೆ ಹಿಡಿಯಬೇಕೋ ಬಲಕ್ಕೋ?

ಉತ್ತರ 1: ಕಾಳಿ ದಂಡೆ

ಪಂಚಗಂಗಾ ಬೇಡವೇ ಬೇಡ. ಕಾರವಾರದಿಂದ ಸಂಜೆ ಹೊರಟು ಬೆಳಿಗ್ಗೆ ಬೆಂಗಳೂರು ಮುಟ್ಟುವ ರೈಲು ಅದು. ಘಟ್ಟ ಬರುವುದು ನಡುರಾತ್ರಿ. ನಿಮಗೆ ಬೇಕಾದ್ದು 16516, ಕಾರವಾರ–ಯಶವಂತಪುರ ಹಗಲು ರೈಲು. ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಜಾವ ಹೊರಡುತ್ತದೆ. ಸುಬ್ರಹ್ಮಣ್ಯ ರೋಡ್ ಮಧ್ಯಾಹ್ನ, ಸಕಲೇಶಪುರ ಕತ್ತಲಾಗುವ ಮುಂಚೆ. ಮರಳುವ 16515 ಯಶವಂತಪುರದಿಂದ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಬಿಡುತ್ತದೆ.

ಇದರಲ್ಲೇ ನಿಮ್ಮ ಲೆಕ್ಕ ಕೂಡಿಬರುತ್ತದೆ. ಮಂಗಳವಾರ ಹತ್ತಿ ಸಕಲೇಶಪುರದಲ್ಲಿ ಇಳಿದು ರಾತ್ರಿ ಉಳಿಯಿರಿ, ಬುಧವಾರ ಅದೇ ಘಟ್ಟ ಇಳಿದು ಊರಿಗೆ ಬನ್ನಿ. ಗುರುವಾರ–ಶುಕ್ರವಾರವೂ ಹೀಗೆಯೇ. ಶನಿವಾರ ಹೋದರೆ ಮಾತ್ರ ಸೋಮವಾರದವರೆಗೆ ಕಾಯಬೇಕು. ಬೆಂಗಳೂರಿನವರೆಗೆ ಹೋಗುವ ಅಗತ್ಯವೇ ಇಲ್ಲ, ನೋಡುವಂಥದ್ದು ಸಕಲೇಶಪುರಕ್ಕೇ ಮುಗಿಯುತ್ತದೆ.

ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಸುಮಾರು 55 ಕಿ.ಮೀ., 57 ಸುರಂಗ, ಸಣ್ಣದು ದೊಡ್ಡದು ಸೇರಿ ನೂರಕ್ಕೂ ಮಿಕ್ಕಿ ಸೇತುವೆ. ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಸುಬ್ರಹ್ಮಣ್ಯ ರೋಡ್‌ನಲ್ಲಿ ರೈಲು ಸುಮ್ಮನೆ ನಿಂತ ಹಾಗೆ ಕಾಣುತ್ತದೆ. ಆಗ ನಡೆಯುವುದು ತಳ್ಳುವ ಬ್ಯಾಂಕರ್ ಎಂಜಿನ್ ಜೋಡಿಸುವ ಕೆಲಸ. ಅಲ್ಲಿಂದ ಮೇಲೆ ಗಂಟೆಗೆ 30 ಕಿ.ಮೀ. ಮಿತಿ, ಹಾಗಾಗಿ ಎರಡು ಗಂಟೆಗೂ ಮಿಕ್ಕಿ ಘಟ್ಟದೊಳಗೇ ಇರುತ್ತೀರಿ. ಶಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್ ನಿಲ್ದಾಣಗಳಲ್ಲಿ ತಿನ್ನಲು ಏನೂ ಸಿಗದು, ಫೋನ್ ಸಿಗ್ನಲ್ಲೂ ಬಹಳ ಕಡೆ ಇರುವುದಿಲ್ಲ. ಊಟ, ನೀರು, ಹಿರಿಯರ ಮಾತ್ರೆ ಎಲ್ಲ ಮಂಗಳೂರು ಜಂಕ್ಷನ್ ಬಿಡುವ ಮುಂಚೆ ಕೈಯಲ್ಲಿರಲಿ.

ಎಡ ಬಲ: ಮಂಗಳೂರು ಜಂಕ್ಷನ್‌ನಲ್ಲಿ ಎಂಜಿನ್ ಒಂದು ತುದಿಯಿಂದ ಬಿಚ್ಚಿ ಇನ್ನೊಂದು ತುದಿಗೆ ಬರುತ್ತದೆ, ರೈಲು ಹಿಮ್ಮುಖವಾಗಿ ಹೊರಡುತ್ತದೆ. ಕುಮಟಾದಲ್ಲಿ ಬಲಕ್ಕಿದ್ದ ಕಿಟಕಿ ಘಟ್ಟದಲ್ಲಿ ಎಡಕ್ಕೆ. ಘಟ್ಟದಲ್ಲೂ ಕಣಿವೆ ಒಂದೇ ಬದಿಗೆ ಇರುವುದಿಲ್ಲ. ಎರಡೂ ಬದಿಗೆ ಒಂದೊಂದು ಕಿಟಕಿ ಸಿಗುವಂತೆ ಸೀಟು ಹಿಡಿಯುವುದೇ ಒಳ್ಳೆಯದು. ಕರಾವಳಿ ಭಾಗದಲ್ಲಿ ಸಮುದ್ರ ಕಾಣುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ, ಹಳಿ ಒಳನಾಡಿನಲ್ಲೇ ಹೋಗುತ್ತದೆ. ಅಲ್ಲಿ ನೋಡಬೇಕಾದ್ದು ನದಿಗಳು. ಹೊನ್ನಾವರದ ಶರಾವತಿ ಸೇತುವೆ 2 ಕಿ.ಮೀ.ಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು.

ಉತ್ತರ 2: ಕುಮಟಾ ಸ್ಟೇಶನ್ ರೋಡ್

ಟಿಕೆಟ್ ವಿಷಯ ಹೇಳುತ್ತೇನೆ. ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, 2024ರ ನವೆಂಬರ್‌ಗಿಂತ ಮುಂಚಿನ 120 ದಿನದ ಲೆಕ್ಕ ಹಿಡಿದು ಕೂರಬೇಡಿ. ವಿಸ್ಟಾಡೋಮ್ ಇದ್ದರೆ ದರ್ಜೆಯ ಪಟ್ಟಿಯಲ್ಲಿ ‘ಇವಿ’ ಎಂದು ಬರುತ್ತದೆ. ಬೋಗಿಗೆ 44 ಸೀಟು ಮಾತ್ರ, ರಜೆಯ ದಿನಗಳದ್ದು ಬೇಗ ಖಾಲಿಯಾಗುತ್ತದೆ. ರಿಯಾಯಿತಿ ಯಾವುದೂ ಇಲ್ಲ.

ಆದರೆ ಕುಮಟಾದಿಂದಲೇ ಇವಿ ತೆಗೆದುಕೊಳ್ಳುವುದು ದುಡ್ಡು ದಂಡ. ಕನಿಷ್ಠ ದರ 50 ಕಿ.ಮೀ.ಗೆ ಲೆಕ್ಕ, ಘಟ್ಟದ ಭಾಗ ಅದಕ್ಕಿಂತ ತುಸು ಹೆಚ್ಚು. ಕುಮಟಾ–ಸುಬ್ರಹ್ಮಣ್ಯ ರೋಡ್‌ಗೆ ಎರಡನೇ ದರ್ಜೆ ಸಿಟ್ಟಿಂಗ್, ಸುಬ್ರಹ್ಮಣ್ಯ ರೋಡ್–ಸಕಲೇಶಪುರಕ್ಕೆ ಇವಿ, ಹೀಗೆ ಎರಡು ಟಿಕೆಟ್ ಮಾಡಿಸಿ. ಬ್ಯಾಂಕರ್ ಜೋಡಿಸುವ ಹೊತ್ತಿನಲ್ಲಿ ಬೋಗಿ ಬದಲಿಸಬಹುದು. ಹಿರಿಯರಿದ್ದಾರಾದ್ದರಿಂದ ಬೋಗಿಯ ಸ್ಥಾನ ಮೊದಲೇ ನೋಡಿಟ್ಟುಕೊಳ್ಳಿ. ಮಂಗಳೂರಿನಲ್ಲಿ ದಿಕ್ಕು ಬದಲಾಗಿ ಮುಂದಿದ್ದ ಬೋಗಿ ಹಿಂದಾಗಿರುತ್ತದೆ, ಪ್ಲಾಟ್‌ಫಾರಂ ತುದಿಯಿಂದ ತುದಿಗೆ ಓಡುವ ಪರಿಸ್ಥಿತಿ ಬರಬಾರದು. ಒಳಗೆ ಸೀಟು ಹಿಮ್ಮುಖವಾಗಿದ್ದರೆ ಸೀಟಿನ ಕೆಳಗಿನ ಪೆಡಲ್ ಕಾಲಲ್ಲಿ ಒತ್ತಿ ತಿರುಗಿಸಿ. ತಿರುಗಿಸುವಾಗ ಪಕ್ಕದವರೂ ಏಳಬೇಕು, ಕಾಲ ಬಳಿ ಚೀಲ ಇರಬಾರದು.

ಕುಮಟಾದಿಂದ ವೇಟಿಂಗ್ ಲಿಸ್ಟ್ ಬಂದರೆ ಕಾರವಾರದಿಂದ ನೋಡಿ. ಸಿಕ್ಕರೆ ಹತ್ತುವ ನಿಲ್ದಾಣ ಕುಮಟಾ ಎಂದು ಮೊದಲೇ ಬದಲಿಸಿ. ಬದಲಿಸದೆ ಕುಮಟಾದಲ್ಲಿ ಹತ್ತಿದರೆ ‘ಬಂದಿಲ್ಲ’ ಎಂದು ನಿಮ್ಮ ಸೀಟು ಬೇರೆಯವರಿಗೆ ಹೋಗಿರಬಹುದು.

ಶಿರಸಿಯಿಂದ ಅದೇ ದಿನ ನಸುಕಿನಲ್ಲಿ ದೇವಿಮನೆ ಘಟ್ಟ ಇಳಿಯುವ ಸಾಹಸ ಬೇಡ. ಸುಮಾರು 60 ಕಿ.ಮೀ. ದಾರಿ, ಮಂಜು, ಮಳೆಗೆ ಧರೆ ಜರಿದರಂತೂ ರೈಲು ತಪ್ಪಿತು. ಹಿಂದಿನ ಸಂಜೆಯೇ ಕುಮಟಾಕ್ಕೆ ಬಂದು ಉಳಿಯಿರಿ. ಹಾಗಾದರೆ ರಾತ್ರಿ ಎರಡಾಗುತ್ತದೆ, ಆದರೂ ಹಿರಿಯರಿಗೆ ಅದೇ ಸೈ.

ಉತ್ತರ 3: ಲೋಂಡಾ ಲೂಪ್

ದೂಧಸಾಗರದ ಬಗ್ಗೆ ಯಾರೂ ಹೇಳಲಿಲ್ಲ. ಆ ಘಟ್ಟದ ಮೇಲ್ತುದಿಯ ನಿಲ್ದಾಣ ಕ್ಯಾಸಲ್‌ರಾಕ್ ನಮ್ಮ ಜಿಲ್ಲೆಯದೇ, ಜೋಯಿಡಾ ತಾಲೂಕು. ಕೆಳಗೆ ಗೋವಾದ ಕುಳೆಯಿಂದ ಅಲ್ಲಿಗೆ 37ಕ್ಕೆ 1ರ ಏರು, ಸಕಲೇಶಪುರಕ್ಕಿಂತ ಕಡಿದು. ಹಳಿ ನೇರ ಜಲಪಾತದ ಮಧ್ಯದಲ್ಲೇ ಹಾದು ಹೋಗುತ್ತದೆ, ಸುಮಾರು 310 ಮೀಟರ್ ಎತ್ತರದ ನೀರು. ಅದೊಂದು ನೋಟಕ್ಕೆ ಸಾಟಿಯಿಲ್ಲ, ಆದರೆ ಕೆಲವೇ ನಿಮಿಷ. ಘಟ್ಟವೇ ಬೇಕೆಂದರೆ ಸಕಲೇಶಪುರ, ಜಲಪಾತವೇ ಬೇಕೆಂದರೆ ಇದು.

ಕಾರವಾರದಿಂದ ಮಡಗಾಂವ್‌ಗೆ ಹೋಗಿ, ಮಧ್ಯಾಹ್ನದ ಮೇಲೆ ಬರುವ 12779 ಗೋವಾ ಎಕ್ಸ್‌ಪ್ರೆಸ್ ಹಿಡಿಯಿರಿ. ದಿನವೂ ಇದೆ. ವಾಪಸ್ ಬರುವ 12780 ಮಾತ್ರ ಈ ಘಟ್ಟ ಇಳಿಯುವುದು ರಾತ್ರಿ, ಪ್ರಯೋಜನವಿಲ್ಲ. ವಾಸ್ಕೋದಿಂದ ಬೆಳಿಗ್ಗೆ ಬಿಡುವ ಅಮರಾವತಿ ಎಕ್ಸ್‌ಪ್ರೆಸ್ ವಾರಕ್ಕೆ ನಾಲ್ಕೇ ದಿನ, ಅದಕ್ಕೆ ಹಿಂದಿನ ರಾತ್ರಿ ಗೋವಾದಲ್ಲಿರಬೇಕು. ನೆನಪಿಡಿ, ಗೋವಾ ಎಕ್ಸ್‌ಪ್ರೆಸ್ ಲೋಂಡಾದಿಂದ ಬೆಳಗಾವಿ ಕಡೆ ತಿರುಗುತ್ತದೆ, ಹುಬ್ಬಳ್ಳಿಗೆ ಹೋಗುವುದಿಲ್ಲ. ಬೆಳಗಾವಿಯಲ್ಲಿ ಉಳಿದು ಮರುದಿನ ಶಿರಸಿಗೆ ಬರುವುದು ಹಿರಿಯರಿಗೆ ಸುಲಭ.

ದೂಧಸಾಗರದಲ್ಲಿ ರೈಲು ನಿಧಾನವಾದರೂ ನಿಂತರೂ ಇಳಿಯಬೇಡಿ. ಹಳಿ ಮೇಲೆ ನಡೆದರೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್: 1000 ರೂಪಾಯಿವರೆಗೆ ದಂಡ ಅಥವಾ 6 ತಿಂಗಳವರೆಗೆ ಸೆರೆ, ಎರಡೂ ಆಗಬಹುದು. ಅದಕ್ಕಿಂತ ದೊಡ್ಡ ಮಾತೆಂದರೆ ಅಲ್ಲಿನ ಸುರಂಗಗಳಲ್ಲಿ ನೀರಿನ ಸದ್ದಿಗೆ ಹಿಂದಿನ ರೈಲು ಕೇಳಿಸುವುದೇ ಕಷ್ಟ.

ಉತ್ತರ 4: ಕಾಳಿ ದಂಡೆ

ಕಾಲದ ಪ್ರಶ್ನೆ ಬಿಟ್ಟುಹೋಗಿತ್ತು. ಜುಲೈ–ಆಗಸ್ಟ್ ಹಸಿರು ಅಪರಂಜಿ, ಆದರೆ ನಂಬಿ ಹೊರಡುವಂಥದ್ದಲ್ಲ. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ಸಕಲೇಶಪುರದ ಮಾರ್ಗ ದಿನಗಟ್ಟಲೆ ಮುಚ್ಚಿತ್ತು. ಮುಂದಿನ ತಿಂಗಳೇ ದೂಧಸಾಗರ–ಸೋನಾಲಿಂ ನಡುವೆ ಗೂಡ್ಸ್ ಹಳಿ ತಪ್ಪಿತು. ಮಂಜು ಮುಚ್ಚಿದರೆ ಗಾಜಿನ ಛಾವಣಿಯಲ್ಲೂ ಬಿಳಿ ಬಿಟ್ಟು ಇನ್ನೇನಿಲ್ಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ತೊರೆಗಳಲ್ಲಿ ನೀರೂ ಇರುತ್ತದೆ, ಬಯಲೂ ಕಾಣುತ್ತದೆ. ದಸರಾ, ದೀಪಾವಳಿ ವಾರ ತಪ್ಪಿಸಿ.

ಕೊಂಕಣ ರೈಲ್ವೆಗೆ ಮಳೆಗಾಲದ ಬೇರೆ ವೇಳಾಪಟ್ಟಿ ಇದೆ. 2025ರಲ್ಲಿ ಅದು ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಇತ್ತು. ಅಕ್ಟೋಬರ್‌ನಲ್ಲಿ ಹೋಗುವುದಾದರೆ ಟಿಕೆಟ್ ಮಾಡಿದಾಗಿನ ಸಮಯ ಹಿಡಿಯಬೇಡಿ, ಹಿಂದಿನ ಸಂಜೆ ರೈಲುಗಳ ಓಡಾಟ ತೋರಿಸುವ ರೈಲ್ವೆಯ ಎನ್‌ಟಿಇಎಸ್‌ನಲ್ಲಿ ಮತ್ತೆ ನೋಡಿ. ಅದೇ ವರ್ಷ ವಿದ್ಯುದೀಕರಣಕ್ಕಾಗಿ ಸಕಲೇಶಪುರದ ಹಗಲು ರೈಲುಗಳನ್ನೇ ತಿಂಗಳುಗಟ್ಟಲೆ ರದ್ದು ಮಾಡಿದ್ದರು. ಆದ್ದರಿಂದ ರೈಲು ಓಡುತ್ತಿದೆಯೆಂದು ಖಚಿತವಾದ ಮೇಲೆಯೇ ಸಕಲೇಶಪುರದ ರೂಮಿಗೆ ಮುಂಗಡ ಕೊಡಿ.