ಟ್ರಾವೆಲ್ ಟ್ರೇಲರ್ ಒಳಗಿನ ಮರದ ಪಟ್ಟಿ ಕಿತ್ತು ಬರ್ತಿದೆ: ಅಂಟು ಹಾಕಲಾ, ಮೊಳೆ ಹೊಡೆಯಲಾ?

ಪ್ರಶ್ನೆ: ನಮಸ್ಕಾರ ಸರ್. ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಹೋದ ವರ್ಷ 24 ಅಡಿಯ ಹಳೇ ಟ್ರಾವೆಲ್ ಟ್ರೇಲರ್ (ವಾಹನದ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಒಂದನ್ನು ಕೊಂಡೆವು, 2012ರ ಮಾಡೆಲ್. ಮೊನ್ನೆ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗಿ ಬಂದು ನೋಡಿದರೆ ಒಳಗಿನ ಪಟ್ಟಿಗಳು ಮೂರು ಕಡೆ ಬಿಟ್ಟುಕೊಂಡಿವೆ. ಊಟದ ಮೇಜಿನ ಹಿಂದೆ ಗೋಡೆಯ ಸಂದಿನ ಮೇಲಿನದು, ಅಡುಗೆ ಕಪಾಟು ಚಾವಣಿಗೆ ಸೇರುವ ಕಡೆಯದು, ಹಾಸಿಗೆ ಪಕ್ಕದ ಕಿಟಕಿಯ ಮೇಲಿನ ಮೂಲೆಯದು. ಪಿನ್ನುಗಳು ಹೊರಗೆ ಇಣುಕುತ್ತಿವೆ, ಮಗಳ ಕೈಗೆ ಗೀರಿತು. ನಮ್ಮ ಯಜಮಾನರು ಸುತ್ತಿಗೆಯಲ್ಲಿ ಬಡಿದು ಕೂರಿಸಿದರು. ಮುಂದಿನ ಟ್ರಿಪ್ಪಿಗೆ ಮತ್ತೆ ಎದ್ದವು. ಲಿಕ್ವಿಡ್ ನೈಲ್ಸ್ ಹಾಕಿ ಅಂಟಿಸಿಬಿಡಲಾ?

ಉತ್ತರ: ಅಂಟು ಸದ್ಯಕ್ಕೆ ಪಕ್ಕಕ್ಕಿಡಿ ಮೇಡಂ. ನೀವು ಹೇಳಿದ್ದು ನೋಡಿದರೆ ಮೂರು ಪಟ್ಟಿಗೂ ಒಂದೇ ಕಾಯಿಲೆ ಅಲ್ಲ.

ನಾನೂ ಮೊದಲು ಮನೆಗಳ ಮರಗೆಲಸ ಮಾಡುತ್ತಿದ್ದವನು. ಮೊದಲ ಸಲ ಟ್ರೇಲರ್ ಗೋಡೆ ಬಿಚ್ಚಿದಾಗ ಗಾಬರಿಯಾಗಿತ್ತು, ಇಷ್ಟೇನಾ ಅಂತ. ಸುಮಾರು 3 ಮಿ.ಮೀ. ಪ್ಲೈವುಡ್, ಅದರ ಮೇಲೆ ಡಿಸೈನ್ ಕಾಗದ ಇಲ್ಲವೇ ವಿನೈಲ್, ಹಿಂದೆ ಒಂದೂವರೆ ಇಂಚಿನ ಮರದ ರೀಪು ಅಥವಾ ಅಲ್ಯುಮಿನಿಯಂ ಪೈಪು. ಎರಡು ಹಲಗೆ ಸೇರುವ ಸಂದು ಕಾಣದಿರಲಿ ಅಂತ ಪಟ್ಟಿ. ಅದೂ ಎಷ್ಟೋ ಸಲ ಮರವಲ್ಲ, ಮರದ ಚಿತ್ರದ ಕಾಗದ ಸುತ್ತಿದ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಕಾರ್ಖಾನೆಯಲ್ಲಿ ಗನ್ ಹಿಡಿದು ತೆಳ್ಳನೆ ಪಿನ್ನು ಹೊಡೆದಿರುತ್ತಾರೆ. ರಸ್ತೆಯಲ್ಲಿ ಇಡೀ ಗಾಡಿ ಕುಲುಕುತ್ತದೆ, ತಿರುಚುತ್ತದೆ. ಜೊತೆಗೆ ನಿಮ್ಮೂರಿನ ಬಿಸಿಲು. ಪಿನ್ನಿನ ತೂತು ಅಗಲವಾಗುತ್ತದೆ. ಅದೇ ತೂತಿಗೆ ಮತ್ತೆ ಬಡಿದರೆ ಎಷ್ಟು ದಿನ ನಿಂತೀತು?

ಮೇಜಿನ ಹಿಂದಿನದು ಸುಲಭ. ಪುಟ್ಟಿ ಹಚ್ಚುವ ಪ್ಲಾಸ್ಟಿಕ್ ಚಾಕುವಿನಿಂದ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿ. ಹಳೇ ಪಿನ್ನುಗಳನ್ನು ಪಟ್ಟಿಯ ಹಿಂಬದಿಯಿಂದ ಇಕ್ಕಳದಲ್ಲಿ ಎಳೆಯಿರಿ, ಮುಂದಿನಿಂದ ಅಲ್ಲ. ಮುಂದಿನಿಂದ ಕಿತ್ತರೆ ಅಥವಾ ಹಿಂದಿನಿಂದ ಬಡಿದು ಹೊರಗೆ ನೂಕಿದರೆ ಮೇಲಿನ ಕಾಗದ ಚಕ್ಕೆ ಏಳುತ್ತದೆ, ಅದನ್ನು ಮುಚ್ಚಲು ಆಮೇಲೆ ಒದ್ದಾಡಬೇಕು.

ಆಮೇಲೆ ಹಿಂದೆ ರೀಪು ಎಲ್ಲಿದೆ ಹುಡುಕಿ. ಒಂದು ಗಟ್ಟಿ ಅಯಸ್ಕಾಂತ ಗೋಡೆ ಮೇಲೆ ಆಡಿಸಿದರೆ ಒಳಗಿನ ಪಿನ್ನು, ಸ್ಕ್ರೂ ಇರುವ ಕಡೆ ಹಿಡಿಯುತ್ತದೆ. ಅಲ್ಲಿ ಸಣ್ಣ ತೂತು ಕೊರೆದು 6 ನಂಬರಿನ, 1 ಇಂಚು ಉದ್ದದ ಸ್ಕ್ರೂ ಹಾಕಿ. ಪಟ್ಟಿ 6 ಮಿ.ಮೀ., ಪ್ಲೈವುಡ್ 3 ಅಂತ ಇಟ್ಟುಕೊಂಡರೂ 16 ಮಿ.ಮೀ. ರೀಪಿನೊಳಗೆ ಹೋಗುತ್ತದೆ, ಸಾಕು. ಜಾಸ್ತಿ ಉದ್ದ ಬೇಡ. ಗೋಡೆಯಿಡೀ ಸುಮಾರು ಎರಡು ಇಂಚು ದಪ್ಪ, ಅದರೊಳಗೇ ಕರೆಂಟ್ ವೈರೂ ನೀರಿನ ಪೈಪೂ ಇರಬಹುದು. ಕೊರೆಯುವ ಮೊದಲು ಹೊರಗಿನ ಕರೆಂಟ್ ತೆಗೆದು, ಬ್ಯಾಟರಿ ಬಿಚ್ಚಿ.

ರೀಪು ಸಿಗದ ಕಡೆ ಮಾತ್ರ ಅಂಟು. ಅದೂ ಉದ್ದಕ್ಕೂ ಎಳೆಯಬೇಡಿ, ಬಟಾಣಿ ಗಾತ್ರದ ಬೊಟ್ಟು ಅಲ್ಲೊಂದು ಇಲ್ಲೊಂದು ಪಾಲಿಯುರೆಥೇನ್ ಅಂಟು ಇಡಿ. ನೀಲಿ ಪೇಂಟರ್ ಟೇಪ್ ಹಚ್ಚಿ ಒಂದು ದಿನ ಬಿಡಿ. ಉದ್ದಕ್ಕೂ ಅಂಟಿಸಿದರೆ ಮುಂದೆ ಯಾವತ್ತಾದರೂ ಬಿಚ್ಚುವಾಗ ಗೋಡೆಯ ಕಾಗದವೂ ಸಿಪ್ಪೆ ಸಿಪ್ಪೆಯಾಗಿ ಜೊತೆಗೇ ಬರುತ್ತದೆ. ಫೆವಿಕಾಲ್ ಥರದ ಮರದ ಅಂಟು ವಿನೈಲ್ ಮೇಲೆ ಹಿಡಿಯಲ್ಲ. ಗ್ಲೂ ಗನ್ ಅಂತೂ ಬೇಡವೇ ಬೇಡ, ಮುಚ್ಚಿದ ಟ್ರೇಲರ್‌ನಲ್ಲಿ ಜೂನ್ ತಿಂಗಳಿಗೆ ಮೆತ್ತಗಾಗುತ್ತದೆ.

ಕಪಾಟಿನದನ್ನು ಮುಟ್ಟುವ ಮೊದಲು ಕಪಾಟನ್ನೇ ಅಲ್ಲಾಡಿಸಿ ನೋಡಿ. ಅಕ್ಕಿ, ಬೇಳೆ ಡಬ್ಬ ಎಲ್ಲ ಅಲ್ಲೇ ತುಂಬಿದ್ದೀರಿ ಅಲ್ವಾ? ಚಾವಣಿಗೂ ಕಪಾಟಿಗೂ ನಡುವೆ ಸಂದು ಬಿಟ್ಟಿದ್ದರೆ ಸಡಿಲವಾಗಿರುವುದು ಕಪಾಟು, ಪಟ್ಟಿ ಅಲ್ಲ. ಒಳಗಿನ ಸ್ಕ್ರೂಗಳನ್ನು ಬಿಗಿ ಮಾಡಿ. ಸುಮ್ನೆ ತಿರುಗುತ್ತಿದ್ದರೆ ತೂತಿಗೆ ಮರದ ಅಂಟು ಹಚ್ಚಿದ ಟೂತ್‌ಪಿಕ್ ತುರುಕಿ, ಒಣಗಿದ ಮೇಲೆ ಮತ್ತೆ ಸ್ಕ್ರೂ ಹಾಕಿ. ಭಾರದ ಡಬ್ಬಗಳನ್ನು ಕೆಳಗಿಳಿಸಿ.

ಕಿಟಕಿ ಮೇಲಿನದು ನನಗೆ ಅನುಮಾನ. ಅಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಗೋಡೆಯ ಬೇರೆ ಕಡೆಯೂ ಒತ್ತಿ. ವ್ಯತ್ಯಾಸ ಇದ್ದರೆ ಹೇಳಿ.

ಪ್ರಶ್ನೆ: ಒತ್ತಿದೆ ಸರ್. ಮೂಲೆಯಿಂದ ಒಂದು ಗೇಣು ಮೆತ್ತಗಿದೆ. ಕಾಗದ ಸ್ವಲ್ಪ ಉಬ್ಬಿದೆ. ಆದರೆ ಇಲ್ಲಿ ಮಳೆಯೇ ಇಲ್ಲವಲ್ಲ?

ಉತ್ತರ: ಜುಲೈಯಿಂದ ಸೆಪ್ಟೆಂಬರ್ ತನಕ ನಿಮ್ಮ ಮಾನ್ಸೂನ್ ಇದೆಯಲ್ಲ ಮೇಡಂ. ಉಳಿದ ಒಂಬತ್ತು ತಿಂಗಳ ಬಿಸಿಲಿಗೆ ಹೊರಗಿನ ಸಂದು ಮುಚ್ಚುವ ಸೀಲೆಂಟ್ ಒಣಗಿ ಬಿರುಕು ಬಿಟ್ಟಿರುತ್ತದೆ, ಒಂದೇ ಜೋರು ಮಳೆ ಸಾಕು. ಈ ಪಟ್ಟಿಯನ್ನು ಈಗ ಮುಚ್ಚಬೇಡಿ. ತೆಗೆದು ಹಾಗೇ ಬಿಡಿ, ಫ್ಯಾನ್ ಹಾಕಿ. ರೀಪು ಕಂಡರೆ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಬೆಣ್ಣೆಯ ಹಾಗೆ ಒಳಗಿಳಿದರೆ ಕೊಳೆತಿದೆ, ಆ ತುಂಡು ಬದಲಾಯಿಸಬೇಕು, ಅದು ಬೇರೆಯೇ ಕೆಲಸ. ಗಟ್ಟಿಯಿದ್ದರೆ ಅದೃಷ್ಟ. ತೇವ ಅಳೆಯುವ ಮೀಟರ್ ಇದ್ದರೆ 15 ಶೇಕಡಕ್ಕಿಂತ ಕೆಳಗೆ ಬರುವ ತನಕ ಕಾಯಿರಿ. ನೀರು ಕುಡಿದು ಊದಿದ ಎಂಡಿಎಫ್ ಪಟ್ಟಿ ಮೊದಲಿನ ಹಾಗಾಗಲ್ಲ, ಹೊಸದೇ ಹಾಕಿ.

ಸೋರಿಕೆ ಹುಡುಕಲು ಇಬ್ಬರು ಬೇಕು. ಯಜಮಾನರು ಹೊರಗೆ ನೀರಿನ ಪೈಪ್ ಹಿಡಿಯಲಿ, ನೀವು ಒಳಗೆ ಟಾರ್ಚ್ ಹಿಡಿದು ನೋಡಿ. ಕಿಟಕಿಯ ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಚಾವಣಿಯತ್ತ ಬರಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು ಯಾವುದು ಸೋರುವ ಜಾಗ ಅಂತಲೇ ತಿಳಿಯಲ್ಲ. ರಬ್ಬರ್ ಚಾವಣಿಯಾದರೆ ಸಿಲಿಕೋನ್ ಬಳಿಯಬೇಡಿ. ಅದು ಸರಿಯಾಗಿ ಹಿಡಿಯಲ್ಲ, ಅದರ ಮೇಲೆ ಬೇರೆ ಏನೂ ಹಿಡಿಯಲ್ಲ. ಡೈಕಾರ್ ಥರದ, ಚಾವಣಿಗೇ ಅಂತ ಬರುವ ಸೀಲೆಂಟ್ ತನ್ನಿ.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನಮ್ಮದು ಡಲ್ಲಾಸ್. ಸ್ಲೈಡ್-ಔಟ್ (ನಿಲ್ಲಿಸಿದಾಗ ಗೋಡೆಯಿಂದ ಹೊರಗೆ ಚಾಚುವ ಕೋಣೆಯ ಭಾಗ) ಒಳಗೆ ಎಳೆಯುವಾಗ ಅದರ ಸುತ್ತಲಿನ ಚೌಕಟ್ಟಿನ ಪಟ್ಟಿ ಕಿತ್ತು ಬಂತು. ಇದಕ್ಕೂ ಒಂದಿಂಚಿನ ಸ್ಕ್ರೂ ಸಾಕಾ?

ಉತ್ತರ: ಸ್ಕ್ರೂ ಆಮೇಲೆ. ಸ್ಲೈಡ್ ಹೊರಗಿಟ್ಟು ಪಟ್ಟಿಗೂ ಗೋಡೆಗೂ ನಡುವಿನ ಸಂದನ್ನು ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಬಂದರೆ ಸ್ಲೈಡ್ ಓರೆಯಾಗಿ ಓಡುತ್ತಿದೆ. ಅದನ್ನು ಸರಿ ಮಾಡಿಸದೆ ಪಟ್ಟಿ ಬಿಗಿದರೆ ಮುಂದಿನ ಸಲ ಒಡೆದೇ ಹೋಗುತ್ತದೆ. ಅಳೆಯುವ ಮೊದಲು ಸಂದಿನೊಳಗೆ ಕೈ ಹಾಕಿ ನೋಡಪ್ಪ. ನನ್ನ ಹತ್ತಿರ ಬಂದ ಒಂದು ಗಾಡಿಯಲ್ಲಿ ಪುಟ್ಟ ಮಗುವಿನ ಚಪ್ಪಲಿ ಸಿಕ್ಕಿಕೊಂಡಿತ್ತು.