ಎರಡನೇ ಸಲ ರಕ್ತ ಹೆಪ್ಪುಗಟ್ಟಿದೆ, ಮಾತ್ರೆ ಜೀವನಪೂರ್ತಿ ಬೇಕಾ?

ಪ್ರಶ್ನೆ (ಡೊಂಬಿವಲಿಯ ಸದಸ್ಯೆ): ಡಾಕ್ಟ್ರೇ, ನಮ್ಮವರಿಗೆ 52 ವಯಸ್ಸು. ಎರಡು ವರ್ಷದ ಹಿಂದೆ ಎಡಗಾಲು ಊದಿಕೊಂಡಿತ್ತು, ಡಾಪ್ಲರ್ ಸ್ಕ್ಯಾನ್ ಮಾಡಿ ಡಿವಿಟಿ (ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪು) ಅಂದರು. ಪೆಟ್ಟು, ಆಪರೇಷನ್ ಏನೂ ಆಗಿರಲಿಲ್ಲ. ಆರು ತಿಂಗಳು ಮಾತ್ರೆ ಕೊಟ್ಟು ನಿಲ್ಲಿಸಿದರು. ಈ ಸಲ ಏದುಸಿರು ಅಂತ ಹೋದರೆ ಶ್ವಾಸಕೋಶದಲ್ಲೇ ಹೆಪ್ಪು. ಈಗ ರಕ್ತ ತೆಳು ಮಾಡುವ ಅಸಿಟ್ರಾಮ್ ಮಾತ್ರೆ, ಜೀವನಪೂರ್ತಿಯಂತೆ. ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐಎನ್‌ಆರ್ ಟೆಸ್ಟ್ ಒಮ್ಮೆ 1.6, ಒಮ್ಮೆ 4.1. ಇವರದ್ದು ಒಂದೇ ಹಟ: "ಆರಾಮಿದ್ದೇನಲ್ಲ, ಇನ್ನೂ ಯಾಕೆ?" ಪಕ್ಕದ ಬಿಲ್ಡಿಂಗಿನವರು ಟೆಸ್ಟೇ ಬೇಡದ ಹೊಸ ಮಾತ್ರೆ ತಗೊಳ್ತಾರಂತೆ. ನಾವೂ ಬದಲಾಯಿಸಬಹುದಾ?

ಉತ್ತರ: ಮಾತ್ರೆ ನಡೀತಾ ಇರೋದಕ್ಕೇ ಅವರು ಆರಾಮಿರೋದು ಅಂತ ಹೇಳಿ. ಇದು ಹೆಪ್ಪನ್ನು ಕರಗಿಸುವುದಿಲ್ಲ, ಆ ಕೆಲಸ ದೇಹದ್ದು. ಇರುವ ಹೆಪ್ಪು ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುವುದಷ್ಟೇ ಮಾತ್ರೆಯ ಕೆಲಸ. ಕಾರಣವಿಲ್ಲದೆ ಮೊದಲ ಸಲ ಹೆಪ್ಪುಗಟ್ಟಿದವರು ಔಷಧ ನಿಲ್ಲಿಸಿದರೆ ಒಂದು ವರ್ಷದಲ್ಲೇ ನೂರರಲ್ಲಿ ಸುಮಾರು ಹತ್ತು ಮಂದಿಗೆ ಮರುಕಳಿಸುತ್ತದೆ. ನಿಮ್ಮವರಿಗೆ ಮರುಕಳಿಸಿಯೇ ಆಗಿದೆ, ಅದೂ ಶ್ವಾಸಕೋಶಕ್ಕೆ. ಹಾಗಾಗಿ ನಿಮ್ಮ ವೈದ್ಯರು ಹೇಳಿದ್ದು ಸರಿ. ಆದರೆ ವರ್ಷಕ್ಕೊಮ್ಮೆಯಾದರೂ ಹಿಮೋಗ್ಲೋಬಿನ್, ಕಿಡ್ನಿ, ರಕ್ತಸ್ರಾವದ ಅಪಾಯ ನೋಡಿ ಮತ್ತೆ ತೀರ್ಮಾನಿಸಬೇಕು.

ಐಎನ್‌ಆರ್ 2ರಿಂದ 3ರೊಳಗೆ ಇರಬೇಕು; ಕಮ್ಮಿಯಾದರೆ ಹೆಪ್ಪಿನ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. 4.1 ಬಂದ ವಾರ ಐಎನ್‌ಆರ್ ಏರಿಸುವ ಔಷಧ, ಮೆಟ್ರೊನಿಡಜೋಲ್, ಫ್ಲುಕೊನಜೋಲ್ ಥರದ್ದೇನಾದರೂ ತಗೊಂಡಿದ್ದರಾ? 1.6 ಬಂದದ್ದು ಮಳೆಗಾಲದ ಆಟಿ ತಿಂಗಳಲ್ಲಾ? ಕೆಸುವಿನೆಲೆಯ ಪತ್ರೊಡೆ, ಚಗಟೆ ಸೊಪ್ಪು ಎರಡರಲ್ಲೂ ವಿಟಮಿನ್ ಕೆ ಇದೆ, ಅದು ಐಎನ್‌ಆರ್ ಇಳಿಸುತ್ತದೆ. ಬಿಡಬೇಕಾಗಿಲ್ಲ, ವಾರ ವಾರವೂ ಹೆಚ್ಚುಕಮ್ಮಿ ಅಷ್ಟೇ ತಿಂದರಾಯಿತು. ಸೊಪ್ಪನ್ನು ಬೈಯುವ ಮೊದಲು ಡಬ್ಬಿ ತೆಗೆದು ನೋಡಿ. ಅಸಿಟ್ರಾಮ್ 1, 2, 3, 4 ಮಿ.ಗ್ರಾಂಗಳಲ್ಲಿ ಬರುತ್ತದೆ, ಮೆಡಿಕಲ್‌ನವರು ಕೊಟ್ಟದ್ದನ್ನು ಓದದೆ ನುಂಗುವವರೇ ಜಾಸ್ತಿ. ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್‌ನಲ್ಲಿ ಆಯಾ ದಿನದ ಚೌಕದೊಳಗೆ ಡೋಸ್, ಐಎನ್‌ಆರ್ ಬರೆದಿಡಿ.

ಹೊಸ ಮಾತ್ರೆ ಅಂದರೆ ಅಪಿಕ್ಸಬಾನ್, ರಿವರೊಕ್ಸಬಾನ್. ಐಎನ್‌ಆರ್ ಬೇಡ, ಪಥ್ಯವಿಲ್ಲ, ಬಹಳ ಮಂದಿಗೆ ಅದೇ ಒಳ್ಳೆಯದು. ಆದರೆ ಮೊದಲು ಆಂಟಿಫಾಸ್ಫೊಲಿಪಿಡ್ ಟೆಸ್ಟ್ (ಹೆಪ್ಪು ಕಟ್ಟಿಸುವ ಪ್ರತಿಕಾಯಗಳು ರಕ್ತದಲ್ಲಿವೆಯಾ ಅಂತ ನೋಡುವ ಮೂರು ಟೆಸ್ಟ್) ಆಗಿದೆಯಾ ಕೇಳಿ. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಇನ್ನೊಮ್ಮೆ. ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ ಅಂತ ಲ್ಯಾಬಿಗೆ ಹೇಳಲೇಬೇಕು, ಇಲ್ಲದಿದ್ದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಮೂರೂ ಟೆಸ್ಟ್ ಪಾಸಿಟಿವ್ ಇದ್ದವರಿಗೆ ಅಸಿಟ್ರಾಮ್‌ನಂಥ ಹಳೆಯ ಮಾತ್ರೆಯೇ ಗಟ್ಟಿ. ಅಂಥವರಿಗೆ ರಿವರೊಕ್ಸಬಾನ್ ಕೊಟ್ಟು ನೋಡಿದ ಅಧ್ಯಯನವನ್ನು ಸ್ಟ್ರೋಕ್, ಹಾರ್ಟ್ ಅಟ್ಯಾಕ್ ಹೆಚ್ಚಾದದ್ದರಿಂದ ಅರ್ಧಕ್ಕೇ ನಿಲ್ಲಿಸಿದರು.

ಇನ್ನೊಂದು ನನ್ನ ಅಭಿಪ್ರಾಯ. ಮಾತ್ರೆ ತಪ್ಪಿಸಿದರೆ ಐಎನ್‌ಆರ್ ಚಾಡಿ ಹೇಳುತ್ತದೆ, ಅಪಿಕ್ಸಬಾನ್ ಬಿಟ್ಟರೆ ಮನೆಯವರಿಗೂ ಗೊತ್ತಾಗುವುದಿಲ್ಲ. ಅದು ದಿನಕ್ಕೆರಡು ಸಲ ಬೇರೆ. ಹಟಮಾರಿಗಳಿಗೆ ಬದಲಾಯಿಸುವಾಗ ನಾನು ಇದನ್ನೂ ಯೋಚಿಸುತ್ತೇನೆ. ಬದಲಾಯಿಸುವುದಾದರೂ ನೀವಾಗಿಯೇ ಬೇಡ: ಅಸಿಟ್ರಾಮ್ ನಿಲ್ಲಿಸಿ, ಐಎನ್‌ಆರ್ 2ಕ್ಕಿಂತ ಕೆಳಗಿಳಿದ ಮೇಲೆ ಅಪಿಕ್ಸಬಾನ್ ಶುರುಮಾಡುತ್ತಾರೆ.

ಮುಲುಂದ್‌ನ ಸದಸ್ಯರು: ನನಗೂ ಅಸಿಟ್ರಾಮ್ ಇದೆ. ಹಲ್ಲು ಕೀಳಿಸಲು ಐದು ದಿನ ನಿಲ್ಲಿಸಿ ಅಂದಿದ್ದಾರೆ. ನೋವಿಗೆ ಕಾಂಬಿಫ್ಲಾಮ್ ಆಗುತ್ತಾ?

ಉತ್ತರ: ನಿಲ್ಲಿಸುವ ಮೊದಲು ಮಾತ್ರೆ ಬರೆದವರಿಗೆ ಫೋನ್ ಮಾಡಿ. ಐಎನ್‌ಆರ್ ಹದದಲ್ಲಿದ್ದರೆ ಒಂದು ಹಲ್ಲನ್ನು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸದೆಯೇ ಕೀಳುತ್ತಾರೆ, ಹೊಲಿಗೆ ಹಾಕಿ ಹತ್ತಿ ಒತ್ತಿಟ್ಟರೆ ಸಾಕಾಗುತ್ತದೆ. ಹೆಪ್ಪುಗಟ್ಟಿ ಇನ್ನೂ ಮೂರು ತಿಂಗಳಾಗಿಲ್ಲದಿದ್ದರೆ, ಆದಷ್ಟು ಹಲ್ಲನ್ನೇ ಮುಂದೂಡಿ. ಕಾಂಬಿಫ್ಲಾಮ್ ಬೇಡ, ಅದರಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುವ ಐಬುಪ್ರೊಫೆನ್ ಇದೆ. ಪ್ಯಾರಸಿಟಮಾಲ್ ಸಾಕು. ಮತ್ತೆ, ಲೋಕಲ್ ರೈಲು ಹತ್ತುವಾಗ ತಲೆಗೆ ಜೋರಾಗಿ ಬಡಿದರೆ ಗಾಯ ಕಾಣದಿದ್ದರೂ ನೇರ ಕ್ಯಾಷುವಾಲ್ಟಿಗೆ ಹೋಗಿ. ಮಲ ಡಾಂಬರಿನಂತೆ ಕಪ್ಪಾದರೂ ಅಷ್ಟೇ, ಬೆಳಗಾಗಲಿ ಅಂತ ಕಾಯಬೇಡಿ.