ಸಾರಿಗೆ ಸಂಶೋಧನೆಗೆ ಜರ್ಮನಿಗೆ ಹೋಗಲಾ? ಹೋಗಿ ಬಂದವರು ಹೇಳಿ

ತುಮಕೂರಿನವ (ಪ್ರಶ್ನೆ):
ನನಗೆ 31. ಬೆಂಗಳೂರಲ್ಲಿ ಏಳು ವರ್ಷದಿಂದ ಮೆಟ್ರೊ ಫೀಡರ್ ಬಸ್ ಮಾರ್ಗಗಳ ಕೆಲಸ. ಈಗ ಜರ್ಮನಿಯಲ್ಲಿ ಪಿಎಚ್‌ಡಿ ಹುದ್ದೆ ಸಿಕ್ಕಿದೆ. ವಿಷಯ ಎಲೆಕ್ಟ್ರಿಕ್ ಬಸ್ಸಿನ ಚಾರ್ಜಿಂಗ್ ಮತ್ತು ವೇಳಾಪಟ್ಟಿ. ಸಂಬಳ ಅಲ್ಲಿನ ಇ13 ಶ್ರೇಣಿಯ ಶೇ 65, ಮೂರು ವರ್ಷ. ಹೆಂಡತಿ, ನಾಲ್ಕು ವರ್ಷದ ಮಗಳು ಜೊತೆಗೆ ಬರುತ್ತಾರೆ. ಮನೆ ಸಾಲ ಇದೆ. ಹೋಗಬಹುದಾ? ಮಗಳ ಶಾಲೆ ಕತೆ ಏನು?

ಹಾಸನದ ಹುಡುಗ:
ಶೇ 65 ಅನ್ನೋದು ಸಂಬಳಕ್ಕೆ ಮಾತ್ರ. ಕೆಲಸ ಪೂರ್ತಿ. ನನಗೆ ಇದನ್ನು ಯಾರೂ ಮೊದಲೇ ಹೇಳಲಿಲ್ಲ. 2019ರ ಅಕ್ಟೋಬರಲ್ಲಿ ಒಬ್ಬನೇ ಹೋದೆ. ಕೈಗೆ 1,600 ಯೂರೋ ಚಿಲ್ಲರೆ. ಬಾಡಿಗೆ 520, ಹೀಟಿಂಗು ನೀರಿಗೆ ಮತ್ತೆ 150. ಮೂರು ತಿಂಗಳ ಮುಂಗಡ 1,560. ಬೀಗ ತೆಗೆದು ಒಳಗೆ ಹೋದರೆ ಅಡುಗೆಮನೆಯಲ್ಲಿ ಏನೂ ಇಲ್ಲ. ಗೋಡೆಯಿಂದ ಎರಡು ಪೈಪು, ಒಂದು ದಪ್ಪ ವೈರು ಹೊರಗೆ ಚಾಚಿಕೊಂಡಿದ್ದವು. ಅಲ್ಲಿ ಎಷ್ಟೋ ಕಡೆ ಹಿಂದಿನವರು ಸಿಂಕ್ ಸಮೇತ ಬಿಚ್ಚಿಕೊಂಡು ಹೋಗುತ್ತಾರೆ. ಹಳೇ ಸಿಂಕು, ಒಲೆ, ಎರಡು ಕಪಾಟಿಗೆ 640 ಯೂರೋ ಆಯಿತು. ಸಿಂಕನ್ನು ಟ್ರಾಮಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದೆ. ಟಿವಿ ಇಲ್ಲದ ಮನೆಗೂ ಆಗ ತಿಂಗಳಿಗೆ 17.50 ಯೂರೋ ಪ್ರಸಾರ ಶುಲ್ಕ ಇತ್ತು.

ದುಡ್ಡಿನ ನೋವು ಮರೆತೆ. ಡೇಟಾದ್ದು ಮರೆಯಲು ಆಗಿಲ್ಲ. ಒಂದೇ ನಂಬರಿನ ಬಸ್ಸು ಎರಡೆರಡು ಒಟ್ಟಿಗೆ ಬರುತ್ತವಲ್ಲ, ಅದನ್ನು ತಪ್ಪಿಸುವುದು ನನ್ನ ವಿಷಯ. ಹತ್ತಿ ಇಳಿಯುವವರನ್ನು ಎಣಿಸುವ ಬಾಗಿಲ ಸೆನ್ಸರಿನ ಲೆಕ್ಕ ಬೇಕಿತ್ತು. ಆ ಡೇಟಾ ಕೊಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2020ರ ಫೆಬ್ರುವರಿಯಲ್ಲಿ. ಮಾರ್ಚಲ್ಲಿ ಕೊರೊನಾ. ಖಾಲಿ ಬಸ್ಸಿನ ಲೆಕ್ಕ ಇಟ್ಟುಕೊಂಡು ಕೂತೆ. 2022ರ ಜೂನ್‌ನಿಂದ ಆಗಸ್ಟ್‌ವರೆಗೆ ಸರ್ಕಾರ 9 ಯೂರೋ ಟಿಕೆಟ್ ತಂದಿತು, ಒಂದೇ ಸಲ ಜನವೋ ಜನ. ನನ್ನ ಮಾಡೆಲ್ ಯಾವ ದಿನಕ್ಕೂ ಹೊಂದಲಿಲ್ಲ. ಸೆಪ್ಟೆಂಬರಲ್ಲಿ ಗುತ್ತಿಗೆ ಮುಗಿಯಿತು, ವಿಸ್ತರಣೆ ಇಲ್ಲ ಎಂದರು. ಕೊನೆಯ ಮೂರು ಅಧ್ಯಾಯ ನಿರುದ್ಯೋಗ ಭತ್ಯೆಯಲ್ಲಿ ಬರೆದೆ, ಹಿಂದಿನ ಕೈಸಂಬಳದ ಶೇ 60ರಲ್ಲಿ.

ಜೂರಿಕ್ ಕನ್ನಡತಿ:
ಹೀಗೆ ಹೆದರಿಸಬೇಡಿ. ನಾನು 2017ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ಗೆ ಬಂದವಳು, ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ಖರ್ಚು ನನಗೂ ಆಗಿದೆ. ಆರೋಗ್ಯ ವಿಮೆಗೆ ಪ್ರತಿ ತಿಂಗಳು ಕಟ್ಟಿದರೂ ವರ್ಷದ ಮೊದಲ 2,500 ಫ್ರಾಂಕ್ ಆಸ್ಪತ್ರೆ ಖರ್ಚು ನಮ್ಮ ಕೈಯದೇ, ನಾನು ಆ ಪ್ಲಾನ್ ತಗೊಂಡಿದ್ದೆ. ಹಲ್ಲು ಅದರಲ್ಲಿ ಬರಲ್ಲ. ಒಂದು ರೂಟ್ ಕೆನಾಲ್‌ಗೆ 1,900 ಕೊಟ್ಟೆ. ಆ ಚಳಿಗಾಲ ಊರಿಗೆ ಹೋಗಲಿಲ್ಲ.

ಆದರೆ ಕಲಿತದ್ದು? ಮೊದಲ ವಾರ ಟ್ರಾಮಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತೆ. ಸಿಗ್ನಲ್‌ನಲ್ಲಿ ಎಷ್ಟು ಸೆಕೆಂಡ್ ನಿಲ್ಲುತ್ತೆ ಬರೆಯೋಣ ಅಂತ. ಪುಸ್ತಕದಲ್ಲಿ ಸೊನ್ನೆ, ಸೊನ್ನೆ, ನಾಲ್ಕು, ಸೊನ್ನೆ. ಟ್ರಾಮ್ ಬರುವುದು ಸಿಗ್ನಲ್‌ಗೆ ಮೊದಲೇ ಗೊತ್ತಾಗುತ್ತೆ, ಕಾರುಗಳು ಕಾಯುತ್ತವೆ. 1973ರಲ್ಲಿ ಇಲ್ಲಿನ ಜನ ಸುರಂಗ ರೈಲು ಬೇಡ ಅಂತ ಮತ ಹಾಕಿದರು. 1977ರಲ್ಲಿ ಟ್ರಾಮು ಬಸ್ಸು ಬೇಗ ಓಡಲಿ ಅಂತ 20 ಕೋಟಿ ಫ್ರಾಂಕ್‌ಗೆ ಒಪ್ಪಿದರು. ಇದನ್ನೆಲ್ಲ ಬೆಂಗಳೂರಲ್ಲಿ ಕೂತು ಓದಿದರೆ ಮೈಗೆ ಹತ್ತಲ್ಲ.

ಹುಬ್ಬಳ್ಳಿಗೆ ವಾಪಸ್:
ಮೈಗೆ ಹತ್ತಿದ್ದನ್ನು ಇಲ್ಲಿಗೆ ತಂದು ಏನು ಮಾಡುತ್ತೀರಿ? ನಾನು ಸ್ವೀಡನ್‌ನಿಂದ 2021ರಲ್ಲಿ ವಾಪಸ್ ಬಂದೆ. 14 ತಿಂಗಳು ಕೆಲಸ ಇಲ್ಲ. ಸಂದರ್ಶನದಲ್ಲಿ "ಟೆಂಡರ್ ದಾಖಲೆ ಮಾಡಿದ ಅನುಭವ ಇದೆಯಾ" ಅಂತ ಕೇಳಿದರು. ಆರು ಸಂಶೋಧನಾ ಪೇಪರ್ ಇಟ್ಟುಕೊಂಡು ಕೂತಿದ್ದೆ, ಒಬ್ಬರೂ ಬಿಡಿಸಿ ನೋಡಲಿಲ್ಲ.

ನನಗೆ ನಿಜವಾದ ಪಾಠ ಆಗಿದ್ದು ನವನಗರದ ಚಿಗರಿ ನಿಲ್ದಾಣದಲ್ಲಿ. ಚಿಗರಿ ಅಂದರೆ 2018ರಲ್ಲಿ ಶುರುವಾದ ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ ಬಸ್ಸು, ಅದಕ್ಕೇ ಮೀಸಲಾದ ದಾರಿಯಲ್ಲಿ ಓಡುವುದು. ಅಜ್ಜಿಯೊಬ್ಬರು ಜೋಳದ ಚೀಲ ಕಂಕುಳಲ್ಲಿ ಹಿಡಿದು ಬಂದರು. ಕಟ್ಟೆ, ಬಸ್ಸಿನ ನೆಲ ಒಂದೇ ಮಟ್ಟ. ಮೆಟ್ಟಿಲೇ ಇಲ್ಲ, ಸುಮ್ನೆ ಒಳಗೆ ಕಾಲಿಟ್ಟರು. ಎಂಟು ಸೆಕೆಂಡಿನಲ್ಲಿ ಹನ್ನೊಂದು ಜನ ಹತ್ತಿದರು, ನಾನೇ ಎಣಿಸಿದೆ. ಈ ಕೆಲಸಕ್ಕೆ ಸ್ವೀಡನ್ ಬೇಕಿರಲಿಲ್ಲ.

ಕರಾವಳಿಯವ:
ಸಂಶೋಧನೆ ಮಾಡುವವರು ಇದನ್ನು ನೋಡಿ. ನಮ್ಮ ಮಾವನ ಎರಡು ಖಾಸಗಿ ಬಸ್ ಇದ್ದವು. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಉಚಿತ ಆದಮೇಲೆ ಒಂದನ್ನು ಮಾರಿದರು. ಇನ್ನೊಂದರ ಕಂತು ಈಗ ನಾನು ಕಟ್ಟುತ್ತಿದ್ದೇನೆ. ಪುಕ್ಕಟೆ ಕೊಟ್ಟರೆ ಸಾರಿಗೆ ಉಳಿಯಲ್ಲ.

ಜೂರಿಕ್ ಕನ್ನಡತಿ:
ಲಕ್ಸೆಂಬರ್ಗ್ 2020ರ ಫೆಬ್ರುವರಿ 29ರಿಂದ ಇಡೀ ದೇಶದಲ್ಲಿ ಉಚಿತ ಮಾಡಿದೆ, ರೈಲಿನ ಮೊದಲ ದರ್ಜೆ ಬಿಟ್ಟು. ಅಲ್ಲಿ ಉಳಿದಿಲ್ಲವಾ? ನನ್ನ ಅಮ್ಮ 2023ರ ಜೂನ್ 11ಕ್ಕೆ ಕರ್ನಾಟಕದಲ್ಲಿ ಹೆಂಗಸರಿಗೆ ಉಚಿತ ಆದಮೇಲೆ ಮೊದಲ ಸಲ ಅಪ್ಪನ ಹತ್ತಿರ ದುಡ್ಡು ಕೇಳದೆ ತವರಿಗೆ ಹೋಗಿ ಬಂದರು. ಇದನ್ನು ಪುಕ್ಕಟೆ ಅನ್ನಬೇಡಿ.

ಹುಬ್ಬಳ್ಳಿಗೆ ವಾಪಸ್:
ಲಕ್ಸೆಂಬರ್ಗ್ ಬಿಡಿ, ಚಿಕ್ಕ ಶ್ರೀಮಂತ ದೇಶ. ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್ ನೋಡಿ. 2013ರಿಂದ ಊರಿನವರಿಗೆ ಉಚಿತ. ಮುಂಚೆ ನಡೆದು ಹೋಗುತ್ತಿದ್ದವರು ತುಂಬಾ ಜನ ಬಸ್ ಹತ್ತಿದರು, ಕಾರಿನವರು ಅಷ್ಟಾಗಿ ಇಳಿಯಲಿಲ್ಲ.

ಜೂರಿಕ್ ಕನ್ನಡತಿ:
ನನ್ನ ಅಮ್ಮನ ಹತ್ತಿರ ಕಾರೇ ಇರಲಿಲ್ಲ ಸ್ವಾಮಿ! ಬಿಡಲು ಏನಿತ್ತು?

ಕರಾವಳಿಯವ:
ನಿಮ್ಮ ಅಮ್ಮನಿಗೆ ಒಳ್ಳೇದಾಯಿತು, ಸಂತೋಷ. ನಮ್ಮ ಕಂತು ಯಾರು ಕಟ್ಟಬೇಕು?

ತುಮಕೂರಿನವ:
ಎಲ್ಲರಿಗೂ ಥ್ಯಾಂಕ್ಸ್. ನಾನು ಮಗಳ ಬಗ್ಗೆಯೂ ಕೇಳಿದ್ದೆ.

ಹಾಸನದ ಹುಡುಗ:
ಕ್ಷಮಿಸಿ. ಅಲ್ಲಿ ಶಾಲೆ ಆರಕ್ಕೆ ಶುರು. ಅಲ್ಲಿವರೆಗೆ ಕೀಟಾ, ಅಂದರೆ ಶಿಶುವಿಹಾರ. ಒಂದು ವರ್ಷ ತುಂಬಿದ ಮಗುವಿಗೆ ಕಾನೂನಿನಲ್ಲಿ ಜಾಗ ಇದೆ, ಸಿಗುವುದು ತಡ. ನನ್ನ ಪಕ್ಕದ ಟೇಬಲ್‌ನ ಇರಾನಿ ಗೆಳೆಯನಿಗೆ 11 ತಿಂಗಳು ಹಿಡಿಯಿತು. ಅಷ್ಟು ದಿನ ಅವನ ಹೆಂಡತಿಗೆ ಭಾಷಾ ಕ್ಲಾಸಿಗೂ ಹೋಗಲಾಗಲಿಲ್ಲ. ವೀಸಾಕ್ಕೆ ಕಾಯಬೇಡಿ. ಸಾಧ್ಯವಾದರೆ ಈ ವಾರವೇ ನಾಲ್ಕೈದು ಕಡೆ ಹೆಸರು ಬರೆಸಿ.